ಎಂಟು ಮಿಲಿಮೀಟರ್

23 ನವೆಂಬರ್ 1998, ಸೋಮವಾರ

ಇವತ್ತಿನಿಂದ ಬರೆಯಬೇಕಂತೆ. ಡಾಕ್ಟರ ಅಪ್ಪಣೆ. ರಕ್ತದೊತ್ತಡ ನೂರಾ ಅರವತ್ತಕ್ಕೆ ಹೋಗಿದೆ. ಮಾತ್ರೆ ಬರೆದುಕೊಟ್ಟು, ಗಿರಿಧರ ಮೇಷ್ಟ್ರೇ, ಕೋಪ ಬಂದಾಗ ಕೂಗಬೇಡಿ, ಒಂದು ಪುಸ್ತಕದಲ್ಲಿ ಬರೆದಿಡಿ ಎಂದರು. ನನಗೆ ಕೋಪ ಬರುವುದೇ ಇಲ್ಲ, ಸುತ್ತಮುತ್ತ ಇರುವವರು ತರಿಸುತ್ತಾರೆ ಎಂದೆ. ಅವರು ನನ್ನ ಹೆಂಡತಿ ಹಂಸಳ ಮುಖ ನೋಡಿದರು. ಹಂಸ ಚಾವಣಿ ನೋಡಿದಳು. ಮನೆಗೆ ಬಂದವಳೇ ವಿಮೆ ಏಜೆಂಟರು ಕೊಟ್ಟು ಹನ್ನೊಂದು ತಿಂಗಳು ಖಾಲಿ ಬಿದ್ದಿದ್ದ ಈ ಡೈರಿಯನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಳು.

ಸರಿ, ಬರೆಯೋಣ. ನಾನು ದಿನಾ ಹೊಳೆನರಸೀಪುರದಿಂದ ಅರಕಲಗೂಡಿಗೆ ಬಸ್ಸಿನಲ್ಲಿ ಹೋಗಿ ಬರುವವನು. ಅಲ್ಲೊಂದು ಜೂನಿಯರ್ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಪಿಯುಸಿ ಮಕ್ಕಳಿಗೆ ಸಸ್ಯಶಾಸ್ತ್ರ ಹೇಳುತ್ತಿದ್ದೇನೆ. ನನ್ನ ನೋಟ್ಸು ತಾಲ್ಲೂಕಿಗೇ ಹೆಸರುವಾಸಿ. ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ನಮ್ಮ ಪ್ರೊಫೆಸರು ಹೇಳಿ ಬರೆಸಿದ್ದು, ನಾನು ಈಗ ಹೇಳಿ ಬರೆಸುತ್ತೇನೆ. ಎಲ್ಲಿ ಕಾಮಾ, ಎಲ್ಲಿ ಗೆರೆ ಎಳೆಯಬೇಕು ಎಂಬುದನ್ನೂ ಹೇಳುತ್ತೇನೆ. ಅದನ್ನು ಹಾಗೇ ಪರೀಕ್ಷೆಯಲ್ಲಿ ಇಳಿಸಿದವರು ಯಾರೂ ಫೇಲಾಗಿಲ್ಲ.

ಇವತ್ತಿನ ಕೋಪ: ಜೀವಕೋಶದ ಪೊರೆಯ ಬಗ್ಗೆ ಬರೆಸುತ್ತಿದ್ದೆ. ಪೊರೆ ನೀರನ್ನು ಒಳಗೆ ಬಿಡುತ್ತದೆ, ನೀರಿನಲ್ಲಿ ಕರಗಿದ ಸಕ್ಕರೆಯನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ ಎಂಬಲ್ಲಿಗೆ ಬಂದಿದ್ದೆ. ಎರಡನೇ ಬೆಂಚಿನ ಹುಡುಗಿ ಕೈ ಎತ್ತಿದಳು. ಗಂಗಾಂಬಿಕೆ ಅಂತ, ಮಲ್ಲಿಪಟ್ಟಣದ ಕಡೆಯವಳು. ಯಾವುದು ನೀರು ಯಾವುದು ಸಕ್ಕರೆ ಅಂತ ಪೊರೆಗೆ ಹೇಗೆ ಗೊತ್ತಾಗುತ್ತೆ ಎಂದು ಕೇಳಿದಳು. ವಾಕ್ಯದ ಮಧ್ಯದಲ್ಲಿ! ನನಗೆ ಎಲ್ಲಿದ್ದೆ ಅನ್ನುವುದೇ ಮರೆತುಹೋಯಿತು. ಬರ್ಕೊಳಮ್ಮ ಸುಮ್ಮನೆ ಎಂದು ಗದರಿದೆ. ಹಿಂದಿನ ಬೆಂಚಿನಲ್ಲಿ ಒಬ್ಬನ ಪೆನ್ನು ಬೆಚ್ಚಿ ಬಿತ್ತು.

27 ನವೆಂಬರ್, ಶುಕ್ರವಾರ

ಪ್ರಾಕ್ಟಿಕಲ್ ದಿನ. ಆಲೂಗೆಡ್ಡೆ ಪ್ರಯೋಗ. ಗೆಡ್ಡೆಯ ಸಿಪ್ಪೆ ಸುಲಿದು, ಬುಡ ಚಪ್ಪಟೆ ಮಾಡಿ, ನಡುವೆ ಕುಳಿ ಕೊರೆದು, ಕುಳಿಗೆ ಗಟ್ಟಿಯಾದ ಸಕ್ಕರೆ ನೀರು ಹಾಕುವುದು. ನೀರು ಎಲ್ಲಿಯವರೆಗಿದೆ ಅನ್ನುವುದಕ್ಕೆ ಗುಂಡುಸೂಜಿ ಚುಚ್ಚಿ, ಬಣ್ಣದ ನೀರಿನ ತಟ್ಟೆಯಲ್ಲಿ ಕೂರಿಸುವುದು. ಒಂದು ಗಂಟೆಯಲ್ಲಿ ತಟ್ಟೆಯ ನೀರು ಗೆಡ್ಡೆಯ ಕೋಶಗಳನ್ನು ದಾಟಿ ಸಕ್ಕರೆಯಿರುವ ಕಡೆಗೆ ಹೋಗುತ್ತದೆ, ಕುಳಿಯಲ್ಲಿ ಮಟ್ಟ ಏರುತ್ತದೆ. ಇದಕ್ಕೆ ಅಭಿಸರಣೆ ಎನ್ನುತ್ತಾರೆ. ಇದಕ್ಕಿಂತ ಸುಲಭದ ಪ್ರಯೋಗ ಭೂಮಿಯ ಮೇಲೆ ಇಲ್ಲ.

ನಮ್ಮ ಅಟೆಂಡರ್ ಕೆಂಚಯ್ಯನನ್ನು ಹೊಗಳಬೇಕು. ಅವನು ಮನೆಯಿಂದಲೇ ಸುಲಿದು ತರುವ ಗೆಡ್ಡೆಗಳು ಮಲ್ಲಿಗೆ ಮೊಗ್ಗಿನಷ್ಟು ಬಿಳುಪು. ಹಾಸನಕ್ಕೆ ಹೋಗಿ ಕೇಳಿದರೂ ಇಂಥ ಗೆಡ್ಡೆ ಯಾವ ಲ್ಯಾಬಿನಲ್ಲೂ ಸಿಕ್ಕುವುದಿಲ್ಲ.

ಮಕ್ಕಳು ಜೋಡಿಸಿಟ್ಟ ಮೇಲೆ ನಾನು ಸ್ಟಾಫ್ ರೂಮಿಗೆ ಹೋಗಿ ಕಾಫಿ ಕುಡಿದು ಪೇಪರ್ ಓದಿದೆ. ಗಂಟೆ ಹೊಡೆದಾಗ ಬಂದು ಫಲಿತಾಂಶ ಬರೆಸಿದೆ: ಮಟ್ಟ ಎಂಟು ಮಿಲಿಮೀಟರ್ ಏರಿತು. ಹದಿನಾಲ್ಕು ವರ್ಷದಿಂದ ಎಂಟೇ. ಇವತ್ತು ಕೋಪ ಬರಲಿಲ್ಲ.

2 ಡಿಸೆಂಬರ್, ಬುಧವಾರ

ಕೋಪ ಬಂತು. ರೆಕಾರ್ಡ್ ಪುಸ್ತಕಗಳನ್ನು ತಿದ್ದುತ್ತಿದ್ದೆ. ಎಂಟು, ಎಂಟು, ಎಂಟು ಎಂದು ಟಿಕ್ ಹಾಕುತ್ತ ಕೈ ತಾನಾಗಿ ಓಡುತ್ತಿತ್ತು. ಗಂಗಾಂಬಿಕೆಯ ರೆಕಾರ್ಡಿನಲ್ಲಿ ಕೈ ನಿಂತುಬಿಟ್ಟಿತು. ‘ಮಟ್ಟ ಏರಲಿಲ್ಲ. ಎರಡು ಮಿಲಿಮೀಟರ್ ಇಳಿಯಿತು. ಗೆಡ್ಡೆ ಮುಟ್ಟಿದರೆ ಮೆತ್ತಗಿತ್ತು.’ ಚಿತ್ರ ಮಾತ್ರ ಅಚ್ಚುಕಟ್ಟು. ಗುಂಡುಸೂಜಿಯ ಕೆಳಗೆ ಎರಡು ಸಣ್ಣ ಗೆರೆ ಬೇರೆ ಹಾಕಿದ್ದಾಳೆ.

ಕರೆಸಿದೆ. ಇದೇನು ಎಂದು ಕೇಳಿದೆ.

‘ಇಳೀತು ಸಾ.’

‘ಅದು ಇಳಿಯಲ್ಲ, ಏರುತ್ತೆ. ನಾನೇ ಬರೆಸಿದೀನಲ್ಲ.’

‘ನೀವು ಬರ್ಸಿದ್ದು ಏರ್ತದೆ ಅಂತ ಸಾ. ನಾ ಸೂಜಿ ಮಡಗಿ ಅಳ್ದಾಗ ಇಳ್ದಿತ್ತು.’

ದನಿಯಲ್ಲಿ ಸೊಕ್ಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು, ಬೈದು ಕಳಿಸಬಹುದಿತ್ತು. ಆ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಸರಿಯಾಗಿ ಬರೆದು ತಾ, ಅಲ್ಲಿಯವರೆಗೆ ಸಹಿ ಇಲ್ಲ ಎಂದೆ. ಸಹಿಯಿಲ್ಲದ ರೆಕಾರ್ಡ್ ಇಟ್ಟುಕೊಂಡು ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವ ಹಾಗಿಲ್ಲ, ಕೂರದಿದ್ದರೆ ಒಂದು ವರ್ಷ ಹೋಯಿತು. ಇದು ಅವಳಿಗೂ ಗೊತ್ತು. ಆಯ್ತು ಸಾ ಎಂದು ಪುಸ್ತಕ ಎದೆಗೊತ್ತಿಕೊಂಡು ಹೋದಳು.

4 ಡಿಸೆಂಬರ್, ಶುಕ್ರವಾರ

ರೆಕಾರ್ಡ್ ವಾಪಸ್ ಬಂತು. ಹೊಸ ಹಾಳೆ, ಹೊಸ ಚಿತ್ರ, ಇನ್ನೂ ಅಂದದ ಅಕ್ಷರ. ಎರಡು ಮಿಲಿಮೀಟರ್ ಇಳಿಯಿತು.

ಮನೆಯಿಂದ ಗೆಡ್ಡೆ ತರುತ್ತೇನೆ, ಇನ್ನೊಂದು ಸಲ ಮಾಡಲು ಬಿಡಿ ಎಂದು ಕೇಳಿದಳು. ಪ್ರಯೋಗ ಒಂದೇ ಸಲ, ಇದೇನು ಸಂತೆಯಾ ಎಂದೆ. ಮಾತ್ರೆ ನುಂಗಿದೆ.

10 ಡಿಸೆಂಬರ್, ಗುರುವಾರ

ಊಟಕ್ಕೆ ಕೂತಾಗ ಹಂಸಳಿಗೆ ಎಲ್ಲ ಹೇಳಿದೆ. ಒಬ್ಬ ಹುಡುಗಿಗೆ ಎಷ್ಟು ಹಟ ನೋಡು ಎಂದು ನ್ಯಾಯ ಕೇಳಿದರೆ, ಇವಳು ಸಾರಿನ ಸೌಟು ಹಿಡಿದು ನಿಂತು ಬೇರೆಯೇ ಪ್ರಶ್ನೆ ಎತ್ತಿದಳು.

‘ಅಲ್ಲಾ ರೀ, ನೀವು ನೋಡಿದಾಗ ಏರಿತ್ತಾ?’

ಎಂಥ ಪ್ರಶ್ನೆ. ಏರಿರುತ್ತದೆ ಎಂದೆ. ಏರಿರುತ್ತೆ ಅಲ್ಲ, ಏರಿತ್ತಾ ಎಂದಳು. ನೆನಪು ಮಾಡಿಕೊಂಡೆ. ಬಿ.ಎಸ್ಸಿ.ಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ಗೆಡ್ಡೆ ಇಟ್ಟಿದ್ದೆವು. ಆಮೇಲೆ ಪ್ರೊಫೆಸರು ಎಂಟು ಎಂದರು, ಬರೆದುಕೊಂಡೆವು. ಅದಕ್ಕೆ ಮೊದಲು ಬಗ್ಗಿ ನೋಡಿದ್ದೆನೋ ಇಲ್ಲವೋ. ಹದಿನಾಲ್ಕು ವರ್ಷದ ಪಾಠದಲ್ಲಂತೂ ಆ ಹೊತ್ತಿಗೆ ಕಾಫಿ ಕುಡಿಯುತ್ತಿರುತ್ತೇನೆ.

ಪ್ರತಿಯೊಂದನ್ನೂ ಕಣ್ಣಲ್ಲೇ ನೋಡಬೇಕು ಅಂದರೆ ಭೂಮಿ ದುಂಡಗಿರೋದನ್ನ ನೀನು ನೋಡಿದೀಯಾ ಎಂದು ಕೇಳಿದೆ. ಭೂಮಿ ನನ್ನ ಅಡುಗೆಮನೇಲಿ ಇಲ್ಲ, ಆಲೂಗೆಡ್ಡೆ ಇದೆ ಎಂದಳು. ಎದ್ದು ಹೋಗಿ ಕೈ ತೊಳೆದೆ. ಮಜ್ಜಿಗೆ ಅನ್ನ ಉಣ್ಣಲಿಲ್ಲ. ಈಗ ಹಸಿವಾಗುತ್ತಿದೆ, ಕೇಳಲು ಮನಸ್ಸು ಬರುತ್ತಿಲ್ಲ.

18 ಡಿಸೆಂಬರ್, ಶುಕ್ರವಾರ

ಗಂಗಾಂಬಿಕೆಯ ತಂದೆ ಬಂದಿದ್ದರು. ಪಂಚಾಕ್ಷರಯ್ಯ ಅಂತ. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಚೀಲ. ಆಲೂಗೆಡ್ಡೆ ಬೆಳೆಯುತ್ತಾರೆ, ಅರಕಲಗೂಡಿನಲ್ಲಿ ಸಣ್ಣದೊಂದು ಮಂಡಿಯೂ ಇದೆ. ಮಗಳ ಪರವಾಗಿ ಅಂಗಲಾಚಲು ಬಂದಿದ್ದಾರೆ ಎಂದುಕೊಂಡು ನಾನು ಕಠಿಣವಾದ ಮುಖ ತಯಾರು ಮಾಡಿಕೊಂಡೆ. ಅವರಿಗೆ ಮಗಳ ಚಿಂತೆಯೇ ಇರಲಿಲ್ಲ.

‘ಸಾ, ಕೆಂಚಯ್ಯ ಕಾಲೇಜ್ಗೆ ಗೆಡ್ಡೆ ತಕ್ಕಂಡ್ ಓಗೋದು ನಮ್ ಮಂಡಿಯಿಂದ್ಲೇ. ಅದು ಕೆಲ್ಸ ಮಾಡ್ನಿಲ್ಲ ಅಂತ ಮಗ್ಳು ಅಂದ್ಲು. ಇದೇ ಗೆಡ್ಡೆನ ನಾನು ಬಿತ್ನೆಗೆ ಮಡಗಿವ್ನಿ. ಜೀವ ಐತೋ ಇಲ್ವೋ ನೋಡಿ ಯೋಳ್ಬುಡಿ.’

ಗೆಡ್ಡೆಯದಲ್ಲ ತಪ್ಪು, ನಿಮ್ಮ ಮಗಳದು ಎಂದೆ. ಅವರು ಒಪ್ಪಲಿಲ್ಲ. ಮಂಡಿಯಲ್ಲಿ ತೂಕ ಬರೆಯುವುದು ಅವಳೇ, ಅಳತೆಯಲ್ಲಿ ಎಡವುವವಳಲ್ಲ, ಎಡವಿದ್ದರೆ ಗೆಡ್ಡೆಯೇ ಎಡವಿರಬೇಕು ಎಂದರು. ಅವರ ಮುಖದಲ್ಲಿ ನಿಜವಾದ ಆತಂಕವಿತ್ತು. ಚೀಲ ಬಿಚ್ಚಿ ನಾಲ್ಕು ಗೆಡ್ಡೆ ಮೇಜಿನ ಮೇಲಿಟ್ಟರು. ಮಕ್ಕಳ ಮನೆಯಿಂದ ನಾನು ಏನನ್ನೂ ತೆಗೆದುಕೊಳ್ಳುವುದಿಲ್ಲ. ಇದು ಕಾಣಿಕೆಯಲ್ಲ ಸಾ, ತಪಾಸಣೆಗೆ ಎಂದು ಕೈಮುಗಿದು ಹೊರಟೇಹೋದರು.

ನಾಲ್ಕು ಆಲೂಗೆಡ್ಡೆಗಳನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸಿನಲ್ಲಿ ಬಂದೆ. ಹಂಸ ಏನೂ ಕೇಳಲಿಲ್ಲ. ಕೇಳದೆ ಇರುವುದರಲ್ಲಿ ಅವಳು ಬಹಳ ನಿಪುಣೆ.

20 ಡಿಸೆಂಬರ್, ಭಾನುವಾರ

ಹಂಸ ಮಗಳು ಸಂಹಿತಾಳನ್ನು ಕರೆದುಕೊಂಡು ದೇವಸ್ಥಾನಕ್ಕೆ ಹೋಗಿದ್ದಳು. ಸಂಹಿತಾಳ ಜ್ಯಾಮಿಟ್ರಿ ಬಾಕ್ಸಿನಿಂದ ಸ್ಕೇಲು ತೆಗೆದುಕೊಂಡು ಅಡುಗೆಮನೆಗೆ ಹೋದೆ. ಗೆಡ್ಡೆ ಸುಲಿಯುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಸುಲಿದು ಕುಳಿ ಕೊರೆಯುವಷ್ಟರಲ್ಲಿ ಗೆಡ್ಡೆ ಕಂದುಬಣ್ಣಕ್ಕೆ ತಿರುಗಿ ನೋಡಲು ಅಸಹ್ಯವಾಯಿತು. ಕೆಂಚಯ್ಯ ಅದು ಹೇಗೆ ಬೆಳ್ಳಗೆ ತರುತ್ತಾನೋ.

ಸಕ್ಕರೆ ನೀರು ಹಾಕಿ, ಸೂಜಿ ಚುಚ್ಚಿ, ತಟ್ಟೆಗೆ ಕುಂಕುಮದ ನೀರು ಹಾಕಿ ಮುಂದೆ ಸ್ಟೂಲ್ ಎಳೆದುಕೊಂಡು ಕೂತೆ. ಪೇಪರ್ ತಂದಿದ್ದೆ, ಓದಲಿಲ್ಲ. ಕಾಲು ಗಂಟೆ ಏನೂ ಇಲ್ಲ. ಆಮೇಲೆ ಸೂಜಿಯ ಕಾಲು ಒದ್ದೆಯಾಯಿತು. ಮುಕ್ಕಾಲು ಗಂಟೆಗೆ ಸೂಜಿ ಮುಳುಗಿತು. ಗಂಟೆಗೆ ಸರಿಯಾಗಿ ಅಳೆದೆ, ಆರು ಮಿಲಿಮೀಟರ್. ಯಾರೂ ಸುರಿಯದ ನೀರು, ಕುದಿಸದ ನೀರು, ಗೆಡ್ಡೆಯ ಗೋಡೆ ದಾಟಿ ತಾನಾಗಿ ಒಳಗೆ ಬಂದು ಮೇಲೆದ್ದಿತ್ತು. ನಲವತ್ತೊಂದು ವರ್ಷದ ನಾನು ಒಬ್ಬನೇ ಅಡುಗೆಮನೆಯಲ್ಲಿ ಚಪ್ಪಾಳೆ ತಟ್ಟಿದೆ. ಬಾಗಿಲಲ್ಲಿ ಹಂಸ, ಸಂಹಿತಾ ಇಬ್ಬರೂ ನಿಂತಿದ್ದರು, ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಏರುತ್ತದೆ ಎಂದು ಸಾಬೀತಾಯಿತು. ನಾಳೆ ಆ ಹುಡುಗಿಯನ್ನು ಕರೆಸುತ್ತೇನೆ.

21 ಡಿಸೆಂಬರ್, ಸೋಮವಾರ

ಕರೆಸಿದೆ. ನಿಮ್ಮ ಮಂಡಿಯದೇ ಗೆಡ್ಡೆ, ನಾನೇ ಕೂತು ನೋಡಿದೆ, ಏರಿತು ಎಂದು ಗೆದ್ದವನ ಹಾಗೆ ಹೇಳಿದೆ. ಅವಳ ಮುಖ ಅರಳಿತು. ಸೋತವರ ಮುಖ ಹಾಗಿರುವುದಿಲ್ಲ.

‘ಎಷ್ಟು ಏರ್ತು ಸಾ?’

‘ಆರು.’

‘ಎಂಟಲ್ವಾ ಸಾ?’

ಮೇಜಿನ ಮೇಲಿದ್ದ ರೆಕಾರ್ಡುಗಳನ್ನು ಜೋಡಿಸತೊಡಗಿದೆ. ಅವಳೇ ಮುಂದುವರಿಸಿದಳು. ನಿಮ್ಮ ಮನೆಯಲ್ಲಿ ಏರಿದ್ದೂ ನಿಜ, ಲ್ಯಾಬಿನಲ್ಲಿ ಇಳಿದದ್ದೂ ನಿಜ, ಎರಡರ ನಡುವೆ ಏನೋ ಬೇರೆ ಇರಬೇಕು ಅಲ್ಲವೇ ಎಂದಳು. ಏನು ಬೇರೆ ಎಂದು ಕೇಳಿದೆ. ನೆಲ ನೋಡಿದಳು. ಗೊತ್ತಿಲ್ಲ ಸಾ ಎಂದಳು. ಗೊತ್ತಿಲ್ಲದವರು ನೆಲ ನೋಡುವುದು ಬೇರೆ ರೀತಿ. ಹದಿನಾಲ್ಕು ವರ್ಷದಲ್ಲಿ ಅಷ್ಟಾದರೂ ಕಲಿತಿದ್ದೇನೆ.

ಪ್ರಾಕ್ಟಿಕಲ್‌ಗೆ ತರುವ ಹಾಗೇ ನಾಳೆ ನಾಲ್ಕು ಗೆಡ್ಡೆ ತಾ ಎಂದು ಕೆಂಚಯ್ಯನಿಗೆ ಹೇಳಿ ಬಂದೆ.

22 ಡಿಸೆಂಬರ್, ಮಂಗಳವಾರ

ಕೆಂಚಯ್ಯ ಸ್ಟೀಲ್ ಡಬ್ಬಿ ತೆರೆದ. ನಾಲ್ಕು ಬಿಳಿ ಗೆಡ್ಡೆ. ಒಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿದೆ. ಬೆರಳಿನ ಗುರುತು ಬಿತ್ತು. ಇನ್ನೂ ಬೆಚ್ಚಗಿತ್ತು.

‘ಬೇಯಿಸಿದೀಯೇನಯ್ಯ ಇದನ್ನ?’

‘ಪೂರ್ತಿ ಬೇಯ್ಸಕ್ಕಿಲ್ಲ ಸಾ, ಆಫ್ ಬಾಯಿಲ್. ಒಂದ್ ಚಿಟ್ಕೆ ಉಪ್ಪಾಕಿ, ನಮ್ ಮಲ್ಲಿಗಮ್ಮ ಚಿಪ್ಸ್ ಒಣಗ್ಸೋಕ್ ಮಾಡ್ತಾಳಲ್ಲ, ಅಂಗೇಯ. ಕಪ್ಪಾಗಕ್ಕಿಲ್ಲ, ಸುಲಿಯಕ್ಕೂ ಸಲೀಸು.’

ಮಲ್ಲಿಗಮ್ಮ ಅವನ ಹೆಂಡತಿ. ಈ ಕಡೆ ಬೇಸಿಗೆ ಬಂದರೆ ಯಾರ ಮನೆಯ ಮಾಳಿಗೆ ನೋಡಿದರೂ ಅರೆಬೆಂದ ಆಲೂಗೆಡ್ಡೆಯ ಬಿಲ್ಲೆಗಳು ಹಳೇ ಸೀರೆಯ ಮೇಲೆ ಒಣಗುತ್ತಿರುತ್ತವೆ. ಆ ಪಾಕಶಾಸ್ತ್ರ ನನ್ನ ಲ್ಯಾಬಿಗೆ ಬಂದು ಕೂತಿತ್ತು. ಬೆಂದ ಗೆಡ್ಡೆಯ ಕೋಶಕ್ಕೆ ಪೊರೆಯೇ ಉಳಿದಿರುವುದಿಲ್ಲ. ಸಕ್ಕರೆ ಸೋರಿಹೋಗುತ್ತದೆ, ಮಟ್ಟ ಏರುವ ಮಾತೇ ಇಲ್ಲ, ಇಳಿಯಬಹುದು. ಹುಡುಗಿ ಬರೆದ ಪ್ರತಿಯೊಂದು ಅಕ್ಷರವೂ ಸರಿ.

ಕೂಗು ಗಂಟಲವರೆಗೂ ಬಂದಿತ್ತು. ಯಾವಾಗಿನಿಂದ ಹೀಗೆ ಎಂದಷ್ಟೇ ಕೇಳಿದೆ.

‘ಎಂಬತ್ತಾರ್ನೇ ಇಸ್ವಿಯಿಂದ ಸಾ. ಪರೀಕ್ಸೆ ಮಾಡಕ್ ಬಂದಿದ್ ಎಕ್ಸ್‌ಟರ್ನಲ್ ಮುಂದೆ ನೀವೇ ಅಂದ್ರಲ್ಲ, ಏನಿದು ಹಂದಿಗ್ ಹಾಕೋ ಗೆಡ್ಡೆ ತಂದಿದೀಯಾ ಅಂತ. ಅವತ್ತಿಂದ ಒಂದ್ ಸಲಾನೂ ಕಪ್ಪಾಗಕ್ಕೆ ಬುಟ್ಟಿಲ್ಲ.’

ಹೆಮ್ಮೆಯಿಂದ ಹೇಳಿದ. ನನಗೆ ಅಂದದ್ದು ನೆನಪಿಲ್ಲ. ಅವನು ಹನ್ನೆರಡು ವರ್ಷ ನೆನಪಿಟ್ಟುಕೊಂಡು ಬೆಳಿಗ್ಗೆ ಎದ್ದು ಒಲೆ ಹಚ್ಚಿದ್ದಾನೆ.

ಮಧ್ಯಾಹ್ನ ಗಂಗಾಂಬಿಕೆಯನ್ನು ಪಕ್ಕಕ್ಕೆ ಕರೆದು, ನಿನಗೆ ಗೊತ್ತಿತ್ತೇ ಎಂದು ಮೆಲ್ಲಗೆ ಕೇಳಿದೆ. ಆಲೂಗೆಡ್ಡೆಯ ನಡುವೆ ಹುಟ್ಟಿದವಳು, ಬೆಂದದ್ದು ತಿಳಿಯದೇ ಇರುತ್ತದೆಯೇ.

‘ಮುಟ್ಟಿದ್ ಕೂಡ್ಲೇ ಗೊತ್ತಾಯ್ತು ಸಾ.’

‘ಮತ್ತೆ ಹೇಳಬಾರದಿತ್ತೇನಮ್ಮ?’

‘ಹೇಳಿದ್ರೆ ನೀವು ಕೆಂಚಯ್ಯಣ್ಣಂಗೆ ಬೈತಿದ್ರಿ ಸಾ.’

ನಾಚಿಕೆಯಾಯಿತು, ಅಷ್ಟೇ.

6 ಜನವರಿ 1999, ಬುಧವಾರ

ಹಳೇ ಡೈರಿಯಲ್ಲೇ ತಾರೀಖು ತಿದ್ದಿ ಬರೆಯುತ್ತಿದ್ದೇನೆ. ಹಂಸ ಹೊಸದು ಕೊಡಲೇ ಎಂದಳು. ಇದರಲ್ಲಿ ಹನ್ನೊಂದು ತಿಂಗಳ ಜಾಗವಿದೆ, ದಂಡ ಮಾಡುವುದು ಬೇಡ ಎಂದೆ.

ಇವತ್ತು ಪ್ರಯೋಗವನ್ನು ಮೊದಲಿನಿಂದ ಮಾಡಿಸಿದೆ. ಒಬ್ಬೊಬ್ಬರಿಗೂ ಒಂದು ಹಸಿ ಗೆಡ್ಡೆ, ಒಂದು ಅರೆಬೆಂದ ಗೆಡ್ಡೆ. ಬೇಯಿಸಿ ತರಲು ಕೆಂಚಯ್ಯನಿಗೇ ಹೇಳಿದ್ದೆ. ಪಂಚಾಕ್ಷರಯ್ಯನವರಿಗೂ ಅವನ ಕೈಲಿ ಹೇಳಿ ಕಳಿಸಿದ್ದೆ, ಗೆಡ್ಡೆಗೆ ಜೀವವಿದೆ, ಧೈರ್ಯವಾಗಿ ಬಿತ್ತಿ ಎಂದು. ಹೋದ ಸಲ ಕೊಟ್ಟಿದ್ದು ಬೆಂದ ಗೆಡ್ಡೆ, ನಾನು ನೋಡದೆಯೇ ಎಂಟು ಎಂದು ಬರೆಸಿದ್ದೆ, ತಪ್ಪು ನನ್ನದು ಎಂದು ಮಕ್ಕಳಿಗೆ ಹೇಳಿದೆ. ಭೂಕಂಪವಾಗಬಹುದು ಎಂದುಕೊಂಡಿದ್ದೆ. ಯಾರೂ ಕಣ್ಣು ಮಿಟುಕಿಸಲಿಲ್ಲ. ನಮ್ದೂ ಏರಿರ್ಲಿಲ್ಲ ಸಾ ಎಂದು ಹದಿನೇಳು ಜನ ಒಟ್ಟಿಗೆ ಹೇಳಿದರು.

ಪೊರೆಗೆ ಹೇಗೆ ಗೊತ್ತಾಗುತ್ತೆ ಎಂದು ಯಾರೋ ಮತ್ತೆ ಕೇಳಿದರು. ನೋಟ್ಸಿನಲ್ಲಿ ಇದಕ್ಕೆ ಉತ್ತರವಿಲ್ಲ. ನೀವು ಬರುವ ಬಸ್ಸಿನ ಕಂಡಕ್ಟರು ಹೇಗೆ ಮಾಡುತ್ತಾನೆ ಎಂದು ಕೇಳಿದೆ. ಜನರನ್ನು ಹತ್ತಿಸ್ತಾನೆ, ಮೂಟೆ ಬೇಡ ಅಂತಾನೆ ಸಾ ಎಂದರು. ನೀರಿನ ಕಣ ಚಿಕ್ಕದು, ಪೊರೆಯಲ್ಲಿ ಸಂದು ಮಾಡಿಕೊಂಡು ನುಸುಳುತ್ತದೆ. ಸಕ್ಕರೆಯದು ದಪ್ಪ ಮೂಟೆ, ಬಾಗಿಲಲ್ಲೇ ನಿಲ್ಲುತ್ತದೆ. ಬೇಯಿಸಿದರೆ ಕಂಡಕ್ಟರೂ ಇಲ್ಲ, ಬಾಗಿಲೂ ಇಲ್ಲ, ಮೂಟೆಗಳು ಬಂದ ಹಾಗೆ ಹೋಗುತ್ತವೆ. ಇದು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಬರೆದುಕೊಳ್ಳಿ ಎಂದು ಹೇಳುವುದನ್ನು ಮರೆತೆ.

ಗಂಟೆಯಾದಾಗ ಹಸಿ ಗೆಡ್ಡೆಗಳಲ್ಲಿ ನಾಲ್ಕು, ಆರು, ಐದೂವರೆ, ಏಳು, ಒಬ್ಬನದು ತೂತಾಗಿ ಸೋರಿ ಸೊನ್ನೆ. ಯಾರದೂ ಎಂಟಿಲ್ಲ. ಕಾಫಿಗೆ ಹೋಗುವುದೂ ಮರೆತುಹೋಯಿತು. ತಲೆನೋವಿಲ್ಲ.

29 ಜನವರಿ, ಶುಕ್ರವಾರ

ರೆಕಾರ್ಡಿಗೆ ಸಹಿ ಮಾಡುವ ಕೊನೆಯ ದಿನ. ಎಲ್ಲರೂ ಹಳೇ ಹಾಳೆ ತೆಗೆದು ಹೊಸದು ಅಂಟಿಸಿದ್ದಾರೆ. ಗಂಗಾಂಬಿಕೆ ಮಾತ್ರ ಹಳೆಯದನ್ನು ಇಟ್ಟುಕೊಂಡು, ಪಕ್ಕದ ಪುಟದಲ್ಲಿ ಹೊಸದನ್ನು ಬರೆದಿದ್ದಾಳೆ. ನನ್ನ ಕೆಂಪು ಅಡ್ಡಗೆರೆಯೂ ಹಾಗೇ ಇದೆ.

ಪ್ರಿನ್ಸಿಪಾಲರು ನೋಡಿ ಹೌಹಾರಿದರು. ಎಕ್ಸ್‌ಟರ್ನಲ್‌ಗೆ ಇದು ಕಂಡರೆ ಕಾಲೇಜಿನ ಮಾನ ಏನಾಗಬೇಕು, ಹುಡುಗಿಗೆ ಅಂಕ ಕಡಿಯುತ್ತಾರೆ, ಲ್ಯಾಬಿಗೆ ಬೆಂದ ಗೆಡ್ಡೆ ತಂದದ್ದು ಯಾರು ಎಂದು ವರದಿ ಬರೆದರೆ ಕೆಂಚಯ್ಯನ ಕೆಲಸಕ್ಕೂ ಕುತ್ತು, ಹರಿಸಿ ಬಿಸಾಕಿಸಿ ಎಂದರು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ.

ಅವಳನ್ನು ಕರೆದು ಎಲ್ಲ ಬಿಡಿಸಿ ಹೇಳಿದೆ. ಅಂಕ ಹೋಗಬಹುದು ಎಂದೆ. ನಿಮ್ಮಿಷ್ಟ ಸಾ, ಹರಿ ಅಂದ್ರೆ ಹರೀತೀನಿ ಎಂದಳು. ಪುಸ್ತಕ ನನ್ನ ಮುಂದೆಯೇ ತೆರೆದಿತ್ತು. ಬಹಳ ಹೊತ್ತು ನೋಡಿದೆ. ಕೆಂಪು ಗೆರೆಯ ಮೇಲೆ ‘ಈ ಗೆರೆ ತಪ್ಪು’ ಎಂದು ಬರೆದು, ಕೆಳಗೆ ಸಹಿ ಹಾಕಿದೆ. ಪ್ರಿನ್ಸಿಪಾಲರಿಗೆ ಹೇಳಲಿಲ್ಲ.

11 ಫೆಬ್ರವರಿ, ಗುರುವಾರ

ನಾಳೆ ಪ್ರಾಕ್ಟಿಕಲ್ ಪರೀಕ್ಷೆ. ಚನ್ನರಾಯಪಟ್ಟಣದಿಂದ ಲಕ್ಷ್ಮಿದೇವಮ್ಮ ಅನ್ನುವವರು ಎಕ್ಸ್‌ಟರ್ನಲ್ ಆಗಿ ಬರುತ್ತಾರಂತೆ. ಮಹಾ ಕಟ್ಟುನಿಟ್ಟು, ಹೋದ ವರ್ಷ ಹಿರೀಸಾವೆ ಕಡೆಯ ಹುಡುಗನೊಬ್ಬನ ರೆಕಾರ್ಡನ್ನು ಕಿಟಕಿಯಿಂದ ಎಸೆದರು ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದರು. ಇಷ್ಟು ಭಯ ನನ್ನ ಸ್ವಂತ ಪರೀಕ್ಷೆಗೂ ಆಗಿರಲಿಲ್ಲ.

ಹಂಸ ಈ ಡೈರಿ ಎತ್ತಿ ನೋಡಿ, ಕೋಪದ ಪುಸ್ತಕದಲ್ಲಿ ಕೋಪವೇ ಇಲ್ಲವಲ್ಲ ಎಂದಳು. ಬಿಡುವಾಗುತ್ತಿಲ್ಲ ಎಂದೆ.

12 ಫೆಬ್ರವರಿ, ಶುಕ್ರವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಲಕ್ಷ್ಮಿದೇವಮ್ಮನವರಿಗೆ ಐವತ್ತರ ಮೇಲೆ ವಯಸ್ಸು, ದಪ್ಪ ಕನ್ನಡಕ, ಮಾತು ಕಡಿಮೆ. ಗಂಗಾಂಬಿಕೆಗೆ ಚೀಟಿಯಲ್ಲಿ ಬೇರೆ ಪ್ರಯೋಗ ಬಂದಿತ್ತು, ಮಾಡಿ ಮುಗಿಸಿದ್ದಳು. ಹನ್ನೊಂದೂವರೆಗೆ ವೈವಾ. ಮೇಡಂ ಅವಳ ರೆಕಾರ್ಡಿನ ಹಾಳೆ ತಿರುಗಿಸುತ್ತ ಬಂದು ಒಂದು ಕಡೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

ಏಕೆ ಇಳಿಯಿತು ಎಂದು ಕೇಳಿದರು. ಬೆಂದ ಗೆಡ್ಡೆಯಲ್ಲಿ ಪೊರೆ ಸತ್ತಿರುತ್ತದೆ, ಸಕ್ಕರೆಯನ್ನು ತಡೆಯುವವರಿಲ್ಲ ಎಂದು ಚೆನ್ನಾಗಿ ಉತ್ತರಿಸಿದಳು. ಸರಿ, ಪ್ರಾಕ್ಟಿಕಲ್‌ಗೆ ಬೆಂದ ಗೆಡ್ಡೆ ಕೊಟ್ಟವರು ಯಾರು ಎಂದರು.

ಕೆಂಚಯ್ಯ ಬೀಕರುಗಳ ಟ್ರೇ ಹಿಡಿದು ಅಲ್ಲೇ ನಿಂತಿದ್ದ. ಗಾಜು ಸಣ್ಣಗೆ ಕಿಣಿಕಿಣಿ ಎನ್ನತೊಡಗಿತು. ಗಂಗಾಂಬಿಕೆ ಅವನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬಾಯಿ ಬಿಡಲಿಲ್ಲ. ಮೇಡಂ ಇನ್ನೊಂದು ಸಲ ಕೇಳಿದರು, ಉತ್ತರ ಹೇಳದಿದ್ದರೆ ಅಂಕ ಹೇಗಮ್ಮ ಕೊಡಲಿ ಎಂದರು. ಅವಳು ತುಟಿ ಕಚ್ಚಿಕೊಂಡು ನಿಂತೇ ಇದ್ದಳು. ಅಂಕ ಹೋದರೂ ಇವಳು ಹೇಳುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

‘ನಾನು ಮೇಡಂ,’ ಎಂದೆ. ‘ಗೆಡ್ಡೆ ಕಪ್ಪಾಗಬಾರದು ಅಂತ ಹಟ ಹಿಡಿದವನು ನಾನು. ಹನ್ನೆರಡು ವರ್ಷದಿಂದ ಇಲ್ಲಿ ಬೆಂದ ಗೆಡ್ಡೆಯೇ. ಒಂದು ದಿನವೂ ನಿಂತು ನೋಡದೆ ಎಂಟು ಮಿಲಿಮೀಟರ್ ಅಂತ ಬರೆಸಿದವನೂ ನಾನೇ. ಈ ಹುಡುಗಿ ನೋಡಿದಳು.’

ಮೇಡಂ ನನ್ನನ್ನು ದಿಟ್ಟಿಸಿದರು. ರೆಕಾರ್ಡ್ ಕಿಟಕಿಯಿಂದ ಹೋಗುತ್ತದೆ, ಅದರ ಹಿಂದೆ ನಾನೂ ಹೋಗುತ್ತೇನೆ ಎಂದುಕೊಂಡೆ. ಅವರು ರೆಕಾರ್ಡನ್ನು ಮೇಜಿನ ಮೇಲಿಟ್ಟು, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು.

‘ಎಂಟು ನಿಮಗೆ ಎಲ್ಲಿ ಸಿಕ್ತು ಸಾರ್?’

‘ಮೈಸೂರಲ್ಲಿ. ನಮ್ಮ ಪ್ರೊಫೆಸರು ಬರೆಸಿದ್ದು.’

‘ನನಗೂ ಅಲ್ಲೇ. ನಾನು ಇಪ್ಪತ್ತಾರು ವರ್ಷದಿಂದ ಎಂಟು ಬರೆಸ್ತಿದೀನಿ.’ ಕನ್ನಡಕ ಸರಿಮಾಡಿಕೊಂಡು, ‘ನಾನೂ ನಿಂತು ನೋಡಿಲ್ಲ,’ ಎಂದರು.

ಆಮೇಲೆ ಗಂಗಾಂಬಿಕೆಯ ಕಡೆ ತಿರುಗಿ, ಒಂದು ಗಂಟೆ ಕೂತರೆ ನಿಜವಾಗಲೂ ಏರುತ್ತದೇನಮ್ಮ ಎಂದು ಪರೀಕ್ಷೆಯ ದನಿಯೇ ಇಲ್ಲದೆ ಕೇಳಿದರು. ಏರ್ತದೆ ಮೇಡಂ, ಹಸೀದಾದ್ರೆ ಎಂದಳು. ಒಂದು ಇಟ್ಟು ತೋರಿಸು ಎಂದರು. ಕೆಂಚಯ್ಯ ಹಸಿ ಗೆಡ್ಡೆ ಸುಲಿದು ತಂದ. ತರುವಷ್ಟರಲ್ಲೇ ಅದು ಕಂದಾಗಿತ್ತು, ಅವನು ಸಂಕೋಚದಿಂದ ಕೈ ಅಡ್ಡ ಹಿಡಿದುಕೊಂಡಿದ್ದ. ಗಂಗಾಂಬಿಕೆ ಕುಳಿ ಕೊರೆದು ಜೋಡಿಸಿದಳು. ಮಿಕ್ಕವರ ವೈವಾ ನಡೆಯುತ್ತಿದ್ದಷ್ಟೂ ಹೊತ್ತು ಮೇಡಂ ಎರಡು ನಿಮಿಷಕ್ಕೊಮ್ಮೆ ಆ ತಟ್ಟೆಯ ಕಡೆ ಕಣ್ಣು ಹಾಯಿಸುತ್ತಿದ್ದರು. ಒಬ್ಬನಿಗೆ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿಬಿಟ್ಟರು.

ಒಂದು ಗಂಟೆಗೆ ಬ್ಯಾಚು ಮುಗಿಯಿತು. ಯಾರೂ ಹೊರಗೆ ಹೋಗಲಿಲ್ಲ. ಮೇಡಂ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ತಾವೇ ಸ್ಕೇಲಿಟ್ಟು ಅಳೆದರು. ಐದು ಎಂದರು. ಮತ್ತೊಮ್ಮೆ ಅಳೆದರು. ಐದೇ ಎಂದು, ಆ ಕಟ್ಟುನಿಟ್ಟಿನ ಹೆಂಗಸು ಎಳೆ ಹುಡುಗಿಯ ಹಾಗೆ ನಕ್ಕರು. ಗಂಗಾಂಬಿಕೆಯ ಅಂಕಪಟ್ಟಿಯಲ್ಲಿ ಬರೆದದ್ದನ್ನು ನನಗೂ ತೋರಿಸಿದರು, ಅಲ್ಲಿ ನನ್ನ ಸಹಿಯೂ ಬೇಕಲ್ಲ. ಪೂರ್ತಿ ಅಂಕ.

ರೆಕಾರ್ಡ್ ವಾಪಸ್ ಕೊಡುವಾಗ ಅವಳ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ಕೇಳಿದರು.

‘ಸಾರ್ ಅಷ್ಟು ಬೈದಾಗ ಎಂಟು ಅಂತ ಬರೆದು ಕೈತೊಳೆದುಕೊಳ್ಳೋಣ ಅನ್ನಿಸ್ಲಿಲ್ವೇನಮ್ಮ ನಿಂಗೆ?’

‘ಅನ್ನಿಸ್ತು ಮೇಡಂ, ಎಷ್ಟೋ ಸಲ. ಆದ್ರೆ ಏರ್ತು ಅಂತ ಬರ್ದುಬುಟ್ರೆ, ಯಾಕೆ ಏರ್ನಿಲ್ಲ ಅಂತ ಆಮೇಲೆ ಯಾರೂ ಕೇಳಕ್ಕಿಲ್ವಲ್ಲ.’

ಲಕ್ಷ್ಮಿದೇವಮ್ಮನವರು ಅವಳ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನನ್ನ ಕಣ್ಣು ಮಂಜಾಗಿತ್ತು.

‘ನನ್ನ ಸ್ಟೂಡೆಂಟ್ ಮೇಡಂ,’ ಎಂದೆ. ಹಾಗೆ ಹೇಳಿಕೊಳ್ಳುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ, ಹೇಳಿಬಿಟ್ಟೆ.